ಕೆಲಸ ಕಲಿಯೋಕೆ ಬರೋ ಹುಡುಗರಿಗೆ ಏನೇನು ಕಟ್ಟಲೆ ಹಾಕಬಹುದು? ಹಿಂದಿನವರು ಹೇಗೆ ಮಾಡ್ತಿದ್ರು?

ಜೀಪ್‌ಡಾಕ್ಟರ್:
ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪ ಹತ್ತಿರ ನಮ್ಮದೊಂದು ಗ್ಯಾರೇಜ್. ಬರೋದು ಹೆಚ್ಚಾಗಿ ತೋಟದ ಜೀಪು, ಪಿಕಪ್ಪು. ನನ್ನನ್ನೂ ಸೇರಿಸಿ ಐದು ಜನ ಇದ್ದೇವೆ. ಮಳೆ ಕಡಿಮೆಯಾದ ಮೇಲೆ ಇಬ್ಬರು ಹುಡುಗರು ಕೆಲಸ ಕಲಿಯೋಕೆ ಸೇರ್ತಾರೆ. ಒಬ್ಬ ಐಟಿಐ ಮುಗಿಸಿದವ, ಇನ್ನೊಬ್ಬ ಎಸ್ಸೆಸ್ಸೆಲ್ಸಿ ಪಾಸು. ಹೋದ ಸಲ ಇದ್ದವನು ಗೇರ್‌ಬಾಕ್ಸ್ ಇಳಿಸೋದು ಕೈಗೆ ಹತ್ತಿದ್ದೇ ತಡ, ನನ್ನ ಗಿರಾಕಿಗಳ ನಂಬರೆಲ್ಲ ಎತ್ತಿಕೊಂಡು ಬೇರೆ ಕಡೆ ಹೋದ. ಅದಕ್ಕೆ ಈ ಸಲ ಬೋರ್ಡೇ ಬರೆಸಿ ಹಾಕೋಣ ಅಂತಿದ್ದೇನೆ.

ಬೆಳಿಗ್ಗೆ ಎಂಟೂವರೆಗೆ ಹಾಜರು. ಮೊಬೈಲ್ ಡ್ರಾಯರಿನಲ್ಲಿ. ಗಿರಾಕಿ ಜೊತೆ ರೇಟು ಮಾತಾಡೋ ಹಾಗಿಲ್ಲ. ಸಂಜೆ ಸ್ಪ್ಯಾನರ್ ಸೆಟ್ ಎಣಿಸಿ ಒರೆಸಿಟ್ಟು ಹೋಗಬೇಕು. ಗುಟ್ಕಾ ಬಾಯಲ್ಲಿದ್ರೆ ಒಳಗೆ ಬರಬೇಡಿ. ಎರಡು ವರ್ಷ ಬಿಟ್ಟು ಹೋಗಬಾರದು.

ನನ್ನ ಹೆಂಡತಿ ಓದಿ "ಇದು ಗ್ಯಾರೇಜಾ, ಜೈಲಾ?" ಅಂದಳು. ಹಿಂದೆಲ್ಲ ಗುರುವಿನ ಮನೆಯಲ್ಲೇ ಇದ್ದು ಕಲೀತಿದ್ರಲ್ಲ, ಆಗ ಏನು ಕಟ್ಟಲೆ ಇತ್ತು? ಗೊತ್ತಿದ್ದವರು ಹೇಳಿ. ಬೇರೆ ದೇಶದ್ದೂ ಆಗಬಹುದು.

ಕರಿಮೆಣಸು:
ಬೋರ್ಡಲ್ಲಿ ಹುಡುಗರು ಮಾಡಬೇಕಾದ್ದು ಪೂರ್ತಿ ಇದೆ. ನೀವು ಕೊಡೋದು ಏನು ಅಂತ ಒಂದು ಗೆರೆಯೂ ಇಲ್ವಲ್ಲ ಅಣ್ಣ?

ಜೀಪ್‌ಡಾಕ್ಟರ್:
ಕೆಲಸ ಕಲಿಸ್ತೀನಲ್ಲ ಮಾರಾಯ. ಮಧ್ಯಾಹ್ನ ಊಟವೂ ಇದೆ.

ವೀರಾಜಪೇಟೆ_ಮೇಷ್ಟ್ರು:
ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಿವೃತ್ತ ಚರಿತ್ರೆ ಮೇಷ್ಟ್ರು ನಾನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಕಸುಬು ಕಲಿಯಲು ಗುರುವಿನ ಮನೆಯಲ್ಲಿ ಇರುವವನನ್ನು ನಮ್ಮ ಧರ್ಮಶಾಸ್ತ್ರಗಳು ಅಂತೇವಾಸಿ ಎನ್ನುತ್ತವೆ. ವೇದ ಕಲಿಯುವ ಶಿಷ್ಯನ ಲೆಕ್ಕ ಬೇರೆ, ಇವನ ಲೆಕ್ಕ ಬೇರೆ. ನಾರದಸ್ಮೃತಿಯ ಪ್ರಕಾರ ಹುಡುಗ ಮನೆಯವರ ಒಪ್ಪಿಗೆ ಪಡೆದು, ಇಷ್ಟು ಕಾಲ ಇರುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡು ಸೇರಬೇಕು. ಕಲಿಸುವ ಗುರುವನ್ನು ಸುಮ್ಮಸುಮ್ಮನೆ ಬಿಟ್ಟು ಹೋದರೆ ಅವನನ್ನು ಹಿಡಿದು ತಂದು ಇರಿಸಬಹುದು, ದಂಡಿಸಲೂಬಹುದು. ಅವಧಿಗೆ ಮುಂಚೆಯೇ ಕೆಲಸ ಕಲಿತುಬಿಟ್ಟರೂ ಉಳಿದ ಕಾಲ ಅಲ್ಲೇ ಇರಬೇಕು. ಆ ದಿನಗಳ ಸಂಪಾದನೆ ಗುರುವಿಗೆ. ಮುಗಿದ ಮೇಲೆ ಗುರುವಿಗೆ ಪ್ರದಕ್ಷಿಣೆ ಬಂದು ಅಪ್ಪಣೆ ಪಡೆದು ಹೊರಡಬೇಕು.

ಯಾಜ್ಞವಲ್ಕ್ಯಸ್ಮೃತಿಯಲ್ಲೂ ಇದೇ ಮಾತಿದೆ. ಅದಕ್ಕೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಜೀಪ್‌ಡಾಕ್ಟರ್:
ನೋಡಿ! ಎರಡು ವರ್ಷ ಬಿಟ್ಟು ಹೋಗಬಾರದು ಅನ್ನೋದು ಶಾಸ್ತ್ರದಲ್ಲೇ ಇದೆ. ಹೆಂಡತಿಗೆ ತೋರಿಸಿ ಬರ್ತೇನೆ.

ವೀರಾಜಪೇಟೆ_ಮೇಷ್ಟ್ರು:
ಸ್ವಲ್ಪ ತಡೀರಿ, ಇನ್ನರ್ಧ ಬಾಕಿ ಇದೆ. ಅದೇ ನಾರದ ಗುರುವಿಗೂ ಹೇಳುತ್ತಾನೆ: ಹುಡುಗನಿಗೆ ತನ್ನ ಮನೆಯಲ್ಲೇ ಊಟ ಹಾಕಿ ಕಲಿಸಬೇಕು, ಮಗನಂತೆ ನೋಡಿಕೊಳ್ಳಬೇಕು, ಬೇರೆ ಕೆಲಸ ಹಚ್ಚಬಾರದು. ಇನ್ನೊಬ್ಬ ಸ್ಮೃತಿಕಾರ ಕಾತ್ಯಾಯನ ಇನ್ನೂ ಒಂದು ಹೆಜ್ಜೆ ಮುಂದೆ. ಕಸುಬು ಕಲಿಸದೆ ಬೇರೆ ಕೆಲಸ ಮಾಡಿಸಿಕೊಳ್ಳುವ ಗುರುವಿಗೇ ದಂಡ, ಶಿಷ್ಯ ಬಿಟ್ಟು ಹೋಗಬಹುದು.

ಕರಿಮೆಣಸು:
ಅದನ್ನೂ ಅತ್ತಿಗೆಗೆ ತೋರಿಸಿ ಅಣ್ಣ 😄

ನಾಪೋಕ್ಲು_ಹುಡುಗ:
ನಾನು ಐಟಿಐ ಮುಗಿಸಿ ಮೈಸೂರು ರೋಡಿನ ಒಂದು ವರ್ಕ್‌ಶಾಪಲ್ಲಿ ಇದ್ದೆ, ಹೆಸರು ಬೇಡ. ಮೊದಲ ವರ್ಷ ಪೂರ್ತಿ ಗಾಡಿ ತೊಳೆಯೋದು, ಟೀ ತರೋದು, ಓನರ್ ಮಗನನ್ನ ಸ್ಕೂಲಿಂದ ಕರ್ಕೊಂಡು ಬರೋದು. ಇಂಜಿನ್ ಹತ್ತಿರ ಹೋದ್ರೆ "ದೂರ ನಿಂತು ನೋಡು" ಅಂತಿದ್ರು. ದೂರ ನಿಂತ್ರೆ ಬೆನ್ನು ಬಿಟ್ರೆ ಎಂತ ಕಾಣ್ತದೆ? ಆಮೇಲೆ ಬಿಟ್ಟೆ. "ಕಲಿಸಿದ ಮೇಲೆ ಓಡಿ ಹೋದ" ಅಂತ ಊರೆಲ್ಲ ಹೇಳಿದ್ರು. ಮೇಷ್ಟ್ರೇ, ಆ ಕಾತ್ಯಾಯನ ಯಾವಾಗ ಇದ್ದವರು? ನನಗೆ ಆಗ ಸಿಗಬೇಕಿತ್ತು.

ಸುಂಟಿಕೊಪ್ಪ_ಟಾಪ್‌ಗೇರ್:
ಎಲ್ಲರೂ ಹಾಗೇ ಕಲಿತದ್ದು ತಮ್ಮಾ. ಟೀ ತಂದ್ರೆ ಮರ್ಯಾದೆ ಏನೂ ಹೋಗಲ್ಲ. ನಮ್ಮ ಉಸ್ತಾದ್ ಕೈಯಲ್ಲಿದ್ದ ಪಾನಾದಲ್ಲೇ ಬಾರಿಸ್ತಿದ್ರು. ಇವತ್ತು ಕಣ್ಣು ಮುಚ್ಚಿ ಇಂಜಿನ್ ಶಬ್ದ ಕೇಳಿ ಎಲ್ಲಿ ಹೋಗಿದೆ ಅಂತ ಹೇಳ್ತೇನೆ. ಪೆಟ್ಟು ತಿನ್ನದೆ ಕೆಲಸ ಬರಲ್ಲ.

ಜೋಮಾಲೆ:
ಪೆಟ್ಟು ತಿಂದೂ ಕೆಲಸ ಬರದವರು ಎಷ್ಟು ಜನ ಅಂತ ಯಾರೂ ಎಣಿಸಲ್ಲ ಅಣ್ಣ. ಅವರು ಬಿಟ್ಟು ಹೋಗಿರ್ತಾರೆ, ಇಲ್ಲಿ ಬಂದು ಬರೆಯಲ್ಲ.

ವಕೀಲಮ್ಮ_ಮಡಿಕೇರಿ:
ಕಾನೂನಿನ ವಿಷಯ ಹೇಳಿಬಿಡ್ತೇನೆ, ಆಮೇಲೆ ನೀವು ಜಗಳ ಮುಂದುವರಿಸಿ.

ಈಗ ಇರೋದು 1961ರ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಹೆಚ್ಚು ಜನ ಇರೋ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯ. 4ರಿಂದ 29 ಜನ ಇದ್ರೆ ಮಾಲೀಕರ ಇಷ್ಟ. ಅಂದ್ರೆ ನೀವೂ ಕ್ರಮವಾಗಿ ನೋಂದಾಯಿಸಿ ತಗೊಳ್ಳಬಹುದು. ವಯಸ್ಸು 14 ಆಗಿರಬೇಕು, ಅಪಾಯದ ಕೆಲಸವಾದ್ರೆ 18. ಹುಡುಗ ಇನ್ನೂ 18 ಆಗದವನಾದ್ರೆ ಒಪ್ಪಂದಕ್ಕೆ ಪೋಷಕರು ಸಹಿ ಹಾಕಬೇಕು. ನಿಮ್ಮ ಎಸ್ಸೆಸ್ಸೆಲ್ಸಿ ಹುಡುಗನ ವಯಸ್ಸು ಮೊದಲು ನೋಡಿ.

ಹುಡುಗನ ಕರ್ತವ್ಯ 17ನೇ ಕಲಮಿನಲ್ಲಿದೆ. ಶ್ರದ್ಧೆಯಿಂದ ಕಸುಬು ಕಲಿಯಬೇಕು, ತರಗತಿ ಮತ್ತು ಪ್ರಾಯೋಗಿಕಕ್ಕೆ ತಪ್ಪದೆ ಬರಬೇಕು, ಕಾನೂನಿಗೆ ಒಪ್ಪುವ ಆದೇಶ ಪಾಲಿಸಬೇಕು, ಒಪ್ಪಂದದ ಮಾತು ಉಳಿಸಿಕೊಳ್ಳಬೇಕು. ಅಷ್ಟೇ. ಮಾಲೀಕರ ಮಗನನ್ನು ಶಾಲೆಯಿಂದ ಕರೆತರಬೇಕು ಅಂತ ಹುಡುಕಿದರೂ ಸಿಗಲ್ಲ.

18ನೇ ಕಲಂ ಅವನನ್ನು ಕಲಿಯುವವನು ಅನ್ನುತ್ತೆ, ಕಾರ್ಮಿಕ ಅಲ್ಲ. ಇದು ಎರಡು ಕಡೆಗೂ ಕೊಯ್ಯುತ್ತೆ. ಕಾರ್ಮಿಕ ಕಾನೂನಿನ ಹಲವು ರಕ್ಷಣೆ ಅವನಿಗಿಲ್ಲ. ಆದ್ರೆ ಕೆಲಸದಲ್ಲಿ ಕೈಗೆ ಪೆಟ್ಟಾದ್ರೆ ಪರಿಹಾರ ಮಾಲೀಕರೇ ಕೊಡಬೇಕು. ಇಷ್ಟು ಗಾಡಿಗೆ ಇಷ್ಟು ಅಂತ ಪೀಸ್ ಲೆಕ್ಕದಲ್ಲಿ ಹಣ ಕೊಡೋ ಹಾಗಿಲ್ಲ, ತಿಂಗಳ ಸ್ಟೈಪೆಂಡೇ ಕೊಡಬೇಕು. 2019ರ ನಿಯಮದಲ್ಲಿ ಅದು ಓದಿನ ಮೇಲೆ 5000ದಿಂದ 9000 ರೂಪಾಯಿವರೆಗೆ ಕನಿಷ್ಠ ಅಂತ ನಿಗದಿಯಾಗಿತ್ತು. ಕೊಡೋ ಮೊದಲು ಈಗಿನ ದರ ಕೇಳಿಕೊಳ್ಳಿ.

ಜೀಪ್‌ಡಾಕ್ಟರ್:
ಮೇಡಂ, ಬಿಟ್ಟು ಹೋಗೋ ವಿಷಯ?

ವಕೀಲಮ್ಮ_ಮಡಿಕೇರಿ:
ನೋಂದಾಯಿತ ಒಪ್ಪಂದ ಇದ್ದು ಹುಡುಗನ ತಪ್ಪಿಂದ ಅದು ಮುರಿದ್ರೆ ತರಬೇತಿ ಖರ್ಚು ವಸೂಲಿಗೆ ಅವಕಾಶ ಇದೆ. ನಿಮ್ಮ ತಪ್ಪಿಂದ ಮುರಿದ್ರೆ ನೀವು ಅವನಿಗೆ ಪರಿಹಾರ ಕೊಡಬೇಕು. ಬೋರ್ಡಿನ ಮೇಲೆ ಬರೆದದ್ದಕ್ಕೆ ಆ ಬಲ ಇಲ್ಲ. ಕಲಿತು ಹೋದ ಮೇಲೆ ಈ ಊರಲ್ಲಿ ಗ್ಯಾರೇಜ್ ಹಾಕಬಾರದು ಅಂತ ಬರೆಸಿಕೊಳ್ಳೋ ಯೋಚನೆ ಇದ್ರೆ ಅದನ್ನೂ ಬಿಡಿ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಅದು ನಿಲ್ಲಲ್ಲ. ಗಿರಾಕಿಗಳ ಪಟ್ಟಿ ಕದಿಯಬಾರದು ಅನ್ನೋದು ಬೇರೆ, ಅದನ್ನು ಕೇಳೋದು ನ್ಯಾಯವೇ.

ತೋಟದ_ರೈಟರ್:
ಇಂಗ್ಲೆಂಡಿನಲ್ಲಂತೂ ಕಟ್ಟಲೆ ಕೇಳಿದ್ರೆ ಜೀಪ್‌ಡಾಕ್ಟರ್ ಬೋರ್ಡು ಏನೂ ಅಲ್ಲ. 1563ರಲ್ಲಿ ಅಲ್ಲಿ ಕಾನೂನೇ ಬಂತು, ಕಡಿಮೆ ಅಂದ್ರೆ ಏಳು ವರ್ಷ ಕಲಿಯದೆ ಕಸುಬು ನಡೆಸೋ ಹಾಗಿಲ್ಲ ಅಂತ. ಪಟ್ಟಣಗಳಲ್ಲಿ 24 ವಯಸ್ಸು ತುಂಬೋವರೆಗೆ ಬಿಡುಗಡೆ ಇಲ್ಲ. ಕರಾರು ಪತ್ರದಲ್ಲಿ ಬರೆಸಿಕೊಳ್ಳುತ್ತಿದ್ದದ್ದು: ಯಜಮಾನನ ಗುಟ್ಟು ಕಾಯಬೇಕು, ಅವನ ಸಾಮಾನು ಪೋಲು ಮಾಡಬಾರದು, ಜೂಜು ಆಡಬಾರದು, ಹೆಂಡದಂಗಡಿಗೆ ಹೋಗಬಾರದು, ನಾಟಕಕ್ಕೂ ಹೋಗಬಾರದು, ಮದುವೆ ಆಗಬಾರದು. ಇಷ್ಟೆಲ್ಲ ಮಾಡಿಸಿಕೊಂಡು ಎಷ್ಟೋ ಕಡೆ ಹುಡುಗನ ಅಪ್ಪನೇ ಯಜಮಾನನಿಗೆ ದುಡ್ಡು ಕೊಡಬೇಕಿತ್ತು. ಆ ಕಾನೂನಿನ ಏಳು ವರ್ಷದ ಭಾಗ ಹೋಗಿದ್ದು 1814ರಲ್ಲಿ.

ಆ ಪತ್ರ ಒಂದೇ ಹಾಳೆಯಲ್ಲಿ ಎರಡು ಸಲ ಬರೆದು, ಮಧ್ಯೆ ಹಲ್ಲುಹಲ್ಲಾಗಿ ಕತ್ತರಿಸಿ ಇಬ್ಬರೂ ಒಂದೊಂದು ಇಟ್ಟುಕೊಳ್ತಿದ್ರು. ತಕರಾರು ಬಂದ್ರೆ ಜೋಡಿಸಿ ನೋಡೋದು. ಹುಡುಗನ ಕೈಯಲ್ಲೂ ಒಂದು ಕಾಗದ ಇತ್ತು ಅನ್ನೋದೇ ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು.

ಕರಿಮೆಣಸು:
ಮದುವೆ ಇಲ್ಲ, ಹೆಂಡ ಇಲ್ಲ ಅಂದ್ರೆ ಕೊಡಗಿನಲ್ಲಿ ಒಬ್ಬ ಹುಡುಗನೂ ಸಿಗಲ್ಲ ಬಿಡಿ.

ಸುಂಟಿಕೊಪ್ಪ_ಟಾಪ್‌ಗೇರ್:
ಪುತ್ತರಿ ಹಬ್ಬದ ದಿನ ರಜಾ ಕೊಡದ ಯಜಮಾನನಿಗೂ ಸಿಗಲ್ಲ.

ತೋಟದ_ರೈಟರ್:
ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕೂಡ 12ನೇ ವಯಸ್ಸಿಗೆ ಸ್ವಂತ ಅಣ್ಣನ ಅಚ್ಚುಕೂಟದಲ್ಲಿ ಹೀಗೇ ಕರಾರಿಗೆ ಸೇರಿದವನು. 21 ಆಗೋವರೆಗೆ ಇರಬೇಕಿತ್ತು. ಅಣ್ಣ ಹೊಡೀತಾನೆ ಅಂತ 1723ರಲ್ಲಿ ಬಾಸ್ಟನ್ ಬಿಟ್ಟು ಓಡಿದ. ಟಾಪ್‌ಗೇರ್ ಅವರೇ, ಪೆಟ್ಟು ತಿಂದು ಕಲಿತದ್ದಕ್ಕೆ ಲೆಕ್ಕ ಹಾಕ್ತೀರೋ, ಓಡಿಹೋಗಿ ಉದ್ಧಾರ ಆದದ್ದಕ್ಕೋ?

ಸುಂಟಿಕೊಪ್ಪ_ಟಾಪ್‌ಗೇರ್:
ಪೆಟ್ಟು ತಿಂದದ್ದರಿಂದಲೇ ಓಡಿದ, ಓಡಿದ್ದರಿಂದಲೇ ಉದ್ಧಾರ ಆದ. ಹೇಗೆ ನೋಡಿದ್ರೂ ಪೆಟ್ಟೇ ಕಾರಣ 😎

ಕುಪ್ಯಚೇಲೆ:
ನಮ್ಮ ಅಪ್ಪ ಟೈಲರ್. ಕುಪ್ಯ, ಅಂದ್ರೆ ಕೊಡವ ಗಂಡಸರ ಉದ್ದ ನಿಲುವಂಗಿ, ಹೊಲಿಯೋದರಲ್ಲಿ ನಮ್ಮ ಕಡೆ ಹೆಸರಿತ್ತು. ಅವರ ಹತ್ತಿರ ಕಲಿಯೋಕೆ ಬಂದವರಿಗೆ ಮೊದಲು ಕಾಜಾ, ಗುಂಡಿ, ಹೆಮ್ಮಿಂಗ್. ಆಮೇಲೆ ಹಳೇ ಬಟ್ಟೆ ಬಿಚ್ಚೋದು. ಹೌದು, ಬಿಚ್ಚೋದೇ. ಹಳೇ ಕುಪ್ಯ ರಿಪೇರಿಗೆ ಬಂದ್ರೆ ಹೊಲಿಗೆ ಬಿಚ್ಚಿ ತುಂಡು ತುಂಡು ಮಾಡಿ ನೆಲದ ಮೇಲೆ ಹರಡಿ, ಯಾವ ತುಂಡು ಎಲ್ಲಿ ಕೂರುತ್ತೆ ಅಂತ ಹೇಳಬೇಕಿತ್ತು. ಕತ್ತರಿ ಕೈಗೆ ಕೊಡ್ತಿದ್ದದ್ದು ಎಷ್ಟೋ ತಿಂಗಳಾದ ಮೇಲೆ. ಹೊರಗಿನವರು ನೋಡಿದ್ರೆ "ಹುಡುಗನ ಕೈಲಿ ಬರೀ ಗುಂಡಿ ಹಾಕಿಸಿಕೊಳ್ತಾನೆ" ಅಂತಿದ್ರು. ಅಪ್ಪ ಹೇಳ್ತಿದ್ದದ್ದು, ಕುಪ್ಯದ ಬಟ್ಟೆ ಹಾಳಾದ್ರೆ ಮದುವೆ ಗಂಡಿನ ಮುಂದೆ ನಿಂತು ಉತ್ತರ ಕೊಡೋನು ನಾನು ಅಂತ.

ಹಾಗಾಗಿ ನಾಪೋಕ್ಲು ಹುಡುಗ ಹೇಳಿದ್ದು ಬೇರೆ, ಇದು ಬೇರೆ. ಕಾಜಾ ಹೊಲಿಗೆಯ ಮೊದಲ ಮೆಟ್ಟಿಲು. ಓನರ್ ಮಗನ ಟಿಫನ್ ಬಾಕ್ಸ್ ಯಾವ ಮೆಟ್ಟಿಲೂ ಅಲ್ಲ.

ನಾಪೋಕ್ಲು_ಹುಡುಗ:
ಕರೆಕ್ಟ್ ಅಕ್ಕ. ಗಾಡಿ ತೊಳೆಯೋದೂ ಒಂದು ಲೆಕ್ಕದಲ್ಲಿ ಕಲಿಕೆನೇ, ಎಲ್ಲಿ ಆಯಿಲ್ ಲೀಕ್ ಇದೆ ಅಂತ ತೊಳೆಯೋವಾಗಲೇ ಗೊತ್ತಾಗೋದು. ಆದ್ರೆ ಅದನ್ನ ಯಾರಾದ್ರೂ ತೋರಿಸಿ ಹೇಳಬೇಕಲ್ಲ.

ಜೋಮಾಲೆ:
ನಮ್ಮದು ಚಿನ್ನದ ಕೆಲಸದ ಮನೆ. ಜೋಮಾಲೆ, ಪತ್ತಾಕ್, ಕೊಕ್ಕೆತಾತಿ ಎಲ್ಲ ಮಾಡ್ತಿದ್ರು. ಅಲ್ಲಿ ಹೊಸ ಹುಡುಗನ ಮೊದಲ ಕೆಲಸ ಕಸ ಗುಡಿಸೋದು. ಕೇಳೋಕೆ ಕೀಳು ಕೆಲಸ. ಆದರೆ ಆ ಕಸದಲ್ಲೇ ಅರದ ಪುಡಿ, ಚಿನ್ನದ ಚೂರು ಇರುತ್ತೆ, ಒಂದು ಚಿಟಿಕೆಯೂ ಹೊರಗೆ ಹೋಗಬಾರದು. ಗುಡಿಸಿದ್ದನ್ನೆಲ್ಲ ಡಬ್ಬಿಯಲ್ಲಿ ಕೂಡಿಟ್ಟು ಆಮೇಲೆ ತೊಳೆದು ಚಿನ್ನ ತೆಗೀತಿದ್ರು. ನಂಬಿಕಸ್ತನನ್ನೇ ಗುಡಿಸೋಕೆ ಹಚ್ಚೋದು. ಕೂತಲ್ಲಿಂದ ಏಳುವಾಗ ಬಟ್ಟೆ ಕೊಡವಿ ಏಳಬೇಕು ಅನ್ನೋದು ನಮ್ಮ ಅಂಗಡಿಯ ಕಟ್ಟಲೆ, ಅಜ್ಜನಿಗೂ ಅದೇ, ಹುಡುಗನಿಗೂ ಅದೇ.

ಯಜಮಾನನಿಗೂ ಅನ್ವಯಿಸೋ ಕಟ್ಟಲೆ ಹಾಕಿದ್ರೆ ಹುಡುಗರು ಗೊಣಗಲ್ಲ. ಜೀಪ್‌ಡಾಕ್ಟರ್ ಅಣ್ಣ, ನಿಮ್ಮ ಮೊಬೈಲೂ ಡ್ರಾಯರಿಗೆ ಹೋಗುತ್ತಾ?

ಜೀಪ್‌ಡಾಕ್ಟರ್:
ಗಿರಾಕಿ ಫೋನ್ ಮಾಡಿದ್ರೆ ಎತ್ತಬೇಕಲ್ಲಮ್ಮ!

ಕರಿಮೆಣಸು:
ಹಾಂ, ರೀಲ್ಸೂ ಗಿರಾಕಿನೇ ಕಳಿಸೋದು.

ಫಿಟ್ಟರ್_ನಿವೃತ್ತ:
ನಾನು 70ರ ದಶಕದಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್. ಕೊಡಗಿನಿಂದ ಮಿಲಿಟರಿಗೆ ಹೋಗದವರು ಹೆಚ್ಚಾಗಿ ಹೋಗ್ತಿದ್ದದ್ದೇ ಅಲ್ಲಿಗೆ. ಸೇರಿದ ಕೂಡಲೇ ಕೈಗೆ ಒಂದು ಅರ, ಒಂದು ಕಬ್ಬಿಣದ ತುಂಡು. ಆರೂ ಮುಖ ಸಮ ಆಗೋವರೆಗೆ ಉಜ್ಜು. ಟ್ರೈಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಮೊದಲಿಂದ. ಅಂಗೈ ಪೂರ್ತಿ ಬೊಕ್ಕೆ. ಇನ್‌ಸ್ಟ್ರಕ್ಟರ್ ಒಂದು ದಿನವೂ ಕೈ ಎತ್ತಿದವರಲ್ಲ, ಬೆಳಕಿಗೆ ಹಿಡಿದು ನಮ್ಮ ಮುಖ ನೋಡೋರು, ಅಷ್ಟೇ. ಉದ್ದ ತೋಳಿನ ಅಂಗಿ ಮಡಚಿರಬೇಕು, ಉಂಗುರ, ಕೈಗಡಿಯಾರ ಬಿಚ್ಚಿಡಬೇಕು, ಓಡುವ ಮಷೀನಿನ ಹತ್ತಿರ ತಮಾಷೆ ಮಾಡಬಾರದು. ಈ ಮೂರು ತಪ್ಪಿದ್ರೆ ಆ ದಿನ ಹೊರಗೆ. ಬೇರೆ ಶಿಸ್ತಿನ ಮಾತೇ ಇರಲಿಲ್ಲ.

ಜೀಪ್‌ಡಾಕ್ಟರ್, ನಿಮ್ಮ ಬೋರ್ಡಲ್ಲಿ ಸುರಕ್ಷತೆಯ ಒಂದು ಮಾತೂ ಇಲ್ಲ. ಜಾಕಿ ಮೇಲೆ ಮಾತ್ರ ನಿಂತ ಗಾಡಿ ಕೆಳಗೆ ಯಾರೂ ಹೋಗಬಾರದು, ಸ್ಟ್ಯಾಂಡ್ ಕೊಟ್ಟೇ ಹೋಗಬೇಕು. ಅದನ್ನು ಮೊದಲು ಬರೆಯಿರಿ. ಗುಟ್ಕಾ ಆಮೇಲೆ.

ಜೀಪ್‌ಡಾಕ್ಟರ್:
ಇದು ಸರಿಯಾದ ಮಾತು ಸರ್. ಮೊದಲ ಸಾಲಿಗೇ ಹಾಕ್ತೇನೆ.

ಕಾವೇರಿತೀರ:
ರೈಲ್ವೆಯಲ್ಲೂ ಬಿಹಾರದ ಜಮಾಲ್‌ಪುರದಲ್ಲಿ 1927ರಿಂದ ಸ್ಪೆಷಲ್ ಕ್ಲಾಸ್ ಅಪ್ರೆಂಟಿಸ್ ಅಂತ ತಗೊಂಡು ಇಂಜಿನಿಯರ್ ಮಾಡ್ತಿದ್ರು. ನಮ್ಮ ಕಡೆಯಿಂದ ಯಾರಾದ್ರೂ ಹೋಗಿದ್ದಾರಾ?

ಕರಿಮೆಣಸು:
ಕೊಡಗಿಗೆ ರೈಲೇ ಬಂದಿಲ್ಲ, ಇವರು ರೈಲ್ವೆ ಅಪ್ರೆಂಟಿಸ್ ಹುಡುಕ್ತಾರೆ.

ಕಾವೇರಿತೀರ:
ರೈಲು ಬರೋದು ಬೇಡ ಅಂತ ಗಲಾಟೆ ಮಾಡಿದವರಲ್ಲಿ ನಾನೂ ಒಬ್ಬಳು, ಆ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ.

ದುಡಿಕೊಟ್ಟ್:
ಜರ್ಮನಿಯಲ್ಲಿ ಬಡಗಿ ಕೆಲಸ ಕಲಿತವರು ಇವತ್ತಿಗೂ ಕೆಲವರು ಕರಿ ಟೋಪಿ, ಅಗಲ ಪ್ಯಾಂಟು ಹಾಕಿ ಊರೂರು ತಿರುಗ್ತಾರೆ. ಮೂರು ವರ್ಷ ಒಂದು ದಿನ. ಮದುವೆ ಆಗಿರಬಾರದು, ಸಾಲ ಇರಬಾರದು, ಅಷ್ಟು ಕಾಲ ಸ್ವಂತ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡಬಾರದು. ಬೇರೆ ಬೇರೆ ಮೇಸ್ತ್ರಿಗಳ ಕೈ ನೋಡಲಿ ಅಂತ. ಅಲ್ಲಿ ಹುಡುಗ ಬಿಟ್ಟು ಹೋಗೋದೇ ಪದ್ಧತಿ ಆಗಿತ್ತು, ಆದ್ರೆ ಕಲಿಕೆ ಮುಗಿಸಿ.

ಸುಂಟಿಕೊಪ್ಪ_ಟಾಪ್‌ಗೇರ್:
50 ಕಿಲೋಮೀಟರ್ ಅಂದ್ರೆ ವೀರಾಜಪೇಟೆ ಹುಡುಗನಿಗೆ ಮಡಿಕೇರಿಯೂ ಇಲ್ಲ. ಅಮ್ಮ ಬಿಡ್ತಾರಾ?

ದುಡಿಕೊಟ್ಟ್:
ಹೆಸರಿಗೆ ತಕ್ಕ ಹಾಗೆ ಒಂದು ಮಾತು ಸೇರಿಸ್ತೇನೆ, ವಿಷಯ ಬಿಟ್ಟು ಹೋದ್ರೆ ಬೈಬೇಡಿ. ನಮ್ಮಲ್ಲಿ ದುಡಿ ಹಿಡಿದು ಹಾಡೋರೂ ಹೀಗೇ ಕಲಿತವರು. ನಾಲ್ಕು ಜನ ಹಾಡ್ತಾರೆ, ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಹಿಡೀತಾರೆ. ಹೊಸಬ ಹಿಡಿಯೋ ಜೋಡಿಯಲ್ಲಿ ಸೇರಿಕೊಳ್ಳೋದು. ತಪ್ಪಿದ್ರೆ ಪಕ್ಕದವರ ಸ್ವರದಲ್ಲಿ ಮುಚ್ಚಿ ಹೋಗುತ್ತೆ, ಮದುವೆ ಮನೆಯವರಿಗೆ ಗೊತ್ತೂ ಆಗಲ್ಲ. ನನಗೆ ಯಾರೂ ಪಾಠ ಅಂತ ಕೂರಿಸಿ ಹೇಳಿಕೊಟ್ಟಿಲ್ಲ. ನಿಜವಾದ ಕೆಲಸದಲ್ಲೇ, ತಪ್ಪಿದ್ರೂ ನಷ್ಟ ಆಗದ ಒಂದು ಜಾಗ ಕೊಟ್ಟಿದ್ರು.

ಗ್ಯಾರೇಜಿನಲ್ಲಿ ಅಂಥ ಜಾಗ ಯಾವುದು?

ಫಿಟ್ಟರ್_ನಿವೃತ್ತ:
ಗುಜರಿಯಿಂದ ಒಂದು ಹಳೇ ಇಂಜಿನ್ ತಂದು ಮೂಲೆಯಲ್ಲಿಟ್ಟರೆ ಆಯ್ತು. ಬಿಚ್ಚಲಿ, ಜೋಡಿಸಲಿ, ಮತ್ತೆ ಬಿಚ್ಚಲಿ.

ನಾಪೋಕ್ಲು_ಹುಡುಗ:
ಇದು ಸೂಪರ್ ಸರ್. ಇಷ್ಟು ಸಿಕ್ಕಿದ್ರೆ ನಾನು ಬಿಡ್ತಾನೇ ಇರಲಿಲ್ಲ.

ತೋಟದ_ರೈಟರ್:
ನಮ್ಮ ತೋಟಗಳ ಕಥೆಯೂ ಹೇಳಬೇಕು. ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ಶುರುವಾದದ್ದು 1854ರಲ್ಲಿ, ಮಡಿಕೇರಿ ಹತ್ತಿರ ಫೌಲರ್ ತೋಟದಿಂದ. ಪಕ್ಕದ ಸಿಲೋನಿನಲ್ಲಿ ಇಂಗ್ಲೆಂಡಿಂದ ಬಂದ ದೊರೆ ಮಕ್ಕಳು ತೋಟದ ಕೆಲಸ ಕಲಿಯೋಕೆ ಹಿರಿಯ ಪ್ಲಾಂಟರ್ ಹತ್ತಿರ ದುಡ್ಡು ಕೊಟ್ಟು ಇರ್ತಿದ್ರು. ಅವರನ್ನು ಕ್ರೀಪರ್ ಅಂತಿದ್ರು. ಅವರು ಕಲಿತು ಮ್ಯಾನೇಜರ್ ಆಗೋರು. ಅದೇ ತೋಟದಲ್ಲಿ ಕಸಿ ಕತ್ತಿ ಹಿಡಿದು ಗಿಡದ ವಿಷಯ ಅವರಿಗಿಂತ ಚೆನ್ನಾಗಿ ಬಲ್ಲ ಕೂಲಿಯವನ ಮಗನಿಗೆ ಯಾವ ಕರಾರೂ ಇಲ್ಲ, ಯಾವ ಬಡ್ತಿಯೂ ಇಲ್ಲ. ಅಪ್ರೆಂಟಿಸ್ ಪದ್ಧತಿ ಅಂತ ಹೊಗಳೋವಾಗ ಯಾರಿಗೆ ಬಾಗಿಲು ಇತ್ತು ಅಂತಲೂ ನೋಡಬೇಕು.

ವೀರಾಜಪೇಟೆ_ಮೇಷ್ಟ್ರು:
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಜಾತಿಯ ಕಸುಬು ಅಪ್ಪನಿಂದ ಮಗನಿಗೆ ಹೋಗುವಾಗ ಹೊರಗಿನವನಿಗೆ ಹೊಸ್ತಿಲೇ ಸಿಗುತ್ತಿರಲಿಲ್ಲ. ಬ್ರಿಟಿಷರು 1850ರಲ್ಲಿ ಇಲ್ಲಿ ತಂದ ಅಪ್ರೆಂಟಿಸ್ ಕಾಯ್ದೆಯೂ ಮುಖ್ಯವಾಗಿ ಅನಾಥ, ಬಡ ಮಕ್ಕಳಿಗಾಗಿ. 10ರಿಂದ 18 ವಯಸ್ಸಿನವರನ್ನು ಏಳು ವರ್ಷದವರೆಗೆ ಕರಾರಿಗೆ ಹಾಕಬಹುದಿತ್ತು. ಉದ್ದೇಶ ಒಳ್ಳೆಯದೇ. ಆದರೆ ಅನಾಥ ಮಗುವಿನ ಪರವಾಗಿ ಜಗಳ ಆಡಲು ಯಾರಿರುತ್ತಾರೆ? ಇಂಗ್ಲೆಂಡಿನಲ್ಲೇ ಇಂಥ ಮಕ್ಕಳನ್ನು ಹತ್ತಿ ಗಿರಣಿಗೆ ತುಂಬಿದ್ದರು. 1802ರಲ್ಲಿ ಕಾನೂನು ಮಾಡಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬೇಡಿ, ರಾತ್ರಿ ಪಾಳಿ ಬೇಡ, ಅಕ್ಷರ ಕಲಿಸಿ, ವರ್ಷಕ್ಕೊಂದು ಜೊತೆ ಹೊಸ ಬಟ್ಟೆ ಕೊಡಿ ಎಂದು ಹೇಳಬೇಕಾಯಿತು.

ಹಳೆಯದು ಬೇಕೆಂದರೆ ಇನ್ನೂ ಹಿಂದಕ್ಕೆ ಹೋಗೋಣ. ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನ, ಕ್ರಿಸ್ತಪೂರ್ವ 18ನೇ ಶತಮಾನ. ಕುಶಲಕರ್ಮಿಯೊಬ್ಬ ಮಗುವನ್ನು ದತ್ತು ತಂದು ತನ್ನ ಕಸುಬು ಕಲಿಸಿದರೆ ಹೆತ್ತವರು ವಾಪಸ್ ಕೇಳುವಂತಿಲ್ಲ. ಕಲಿಸದಿದ್ದರೆ ಮಗು ತನ್ನ ಮನೆಗೆ ಹಿಂದಿರುಗಬಹುದು.

ನಾಪೋಕ್ಲು_ಹುಡುಗ:
ಹಾಗಾದ್ರೆ ಹಮ್ಮುರಾಬಿ, ಕಾತ್ಯಾಯನ, 1961ರ ಕಾಯ್ದೆ, ಮೂವರೂ ನನ್ನ ಕಡೆ. ಓನರ್ ಕಡೆ ಟಾಪ್‌ಗೇರ್ ಅಣ್ಣ ಒಬ್ಬರೇ 😂

ಕಾವೇರಿತೀರ:
ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಈ ಹುಡುಗರಿಗೆ ಹಣ ಸಿಗುತ್ತಲ್ವಾ? ಟೂಲ್‌ಕಿಟ್‌ಗೆ 15000, ತರಬೇತಿಗೆ ದಿನಕ್ಕೆ 500.

ವಕೀಲಮ್ಮ_ಮಡಿಕೇರಿ:
ಗ್ಯಾರೇಜಿಗೆ ಇಲ್ಲ. 2023ರಲ್ಲಿ ಬಂದ ಆ ಯೋಜನೆಯಲ್ಲಿ 18 ಕಸುಬು ಇವೆ: ಬಡಗಿ, ಕಮ್ಮಾರ, ಅಕ್ಕಸಾಲಿ, ದರ್ಜಿ, ಗಾರೆ ಕೆಲಸ, ಬುಟ್ಟಿ ಹೆಣೆಯೋರು, ಆಯುಧ ಮಾಡೋರು ಹೀಗೆ. ಪೀಚೆಕತ್ತಿ, ಒಡಿಕತ್ತಿ ಮಾಡೋರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರು ವಿಚಾರಿಸಲಿ. ಮೆಕ್ಯಾನಿಕ್ ಆ ಪಟ್ಟಿಯಲ್ಲಿಲ್ಲ. ಇವರಿಗೆ ಸರಿಹೊಂದೋದು 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ. ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಹಂಚಿಕೊಳ್ಳುತ್ತೆ.

ಜೀಪ್‌ಡಾಕ್ಟರ್:
ಎಲ್ಲ ಓದಿದೆ. ಜಾಕಿ ಸ್ಟ್ಯಾಂಡ್ ಮೊದಲು. ಹಳೇ ಇಂಜಿನ್ ಒಂದು ನಮ್ಮ ಹಿತ್ತಲಲ್ಲೇ ಬಿದ್ದಿದೆ, ಅದನ್ನು ಒಳಗೆ ತರಿಸ್ತೇನೆ. ಯಾವ ತಿಂಗಳು ಏನು ಕಲಿಸ್ತೇನೆ ಅಂತ ಒಂದು ಕಾಗದದಲ್ಲಿ ಬರೆದು ಅವರಿಗೂ ಒಂದು ಕೊಡ್ತೇನೆ. ಆದ್ರೆ ಗಿರಾಕಿ ನಂಬರ್ ವಿಷಯದಲ್ಲಿ ನಾನು ಬಗ್ಗಲ್ಲ. ಅದನ್ನು ಯಾರು ಏನೇ ಹೇಳಿದ್ರೂ ಬೋರ್ಡಲ್ಲಿ ಹಾಕ್ತೇನೆ.

ವಕೀಲಮ್ಮ_ಮಡಿಕೇರಿ:
ಅದನ್ನು ಬೇಡ ಅಂತ ಯಾರೂ ಹೇಳಿಲ್ಲ ಸರ್.

ಪೊನ್ನಂಪೇಟೆ_ಹೊಸಬಳು:
ಇಷ್ಟು ಹೊತ್ತು ಓದ್ತಾ ಇದ್ದೆ. ಎಲ್ಲರೂ "ಹುಡುಗರು, ಹುಡುಗರು" ಅಂತಲೇ ಬರೆದಿದ್ದೀರಿ. ನಾನು ಐಟಿಐ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಮುಗಿಸಿದ್ದೇನೆ, 19 ವಯಸ್ಸು. ಕೇಳಿದ ಗ್ಯಾರೇಜಿನವರೆಲ್ಲ "ಬಿಲ್ಲಿಂಗ್ ಕೌಂಟರಲ್ಲಿ ಕೂತ್ಕೊ" ಅಂತಾರೆ. ಅಣ್ಣ, ನಿಮ್ಮಲ್ಲಿ ಮೂರನೆಯವರಿಗೆ ಜಾಗ ಇದೆಯಾ?

ವೀರಾಜಪೇಟೆ_ಮೇಷ್ಟ್ರು:
ಕೇಳಮ್ಮಾ, 13ನೇ ಶತಮಾನದ ಪ್ಯಾರಿಸ್ಸಿನಲ್ಲೇ ರೇಷ್ಮೆ ನೂಲುವ ಹೆಂಗಸರದ್ದೇ ಸಂಘಗಳಿದ್ದವು. ಅವರೇ ಯಜಮಾನ್ತಿಯರು, ಅವರ ಕೈಕೆಳಗೆ ಕಲಿಯುವ ಹುಡುಗಿಯರು.

ಸುಂಟಿಕೊಪ್ಪ_ಟಾಪ್‌ಗೇರ್:
ಗೇರ್‌ಬಾಕ್ಸ್ ಎತ್ತೋಕೆ ಆಗುತ್ತಾ?

ಪೊನ್ನಂಪೇಟೆ_ಹೊಸಬಳು:
ನೀವು ಒಬ್ಬರೇ ಎತ್ತುತ್ತೀರಾ? ಟ್ರಾನ್ಸ್‌ಮಿಷನ್ ಜಾಕ್ ಅಂತ ಒಂದಿದೆ, ನೋಡಿದ್ದೀರಾ?

ಫಿಟ್ಟರ್_ನಿವೃತ್ತ:
👏👏

ಜೀಪ್‌ಡಾಕ್ಟರ್:
ಐಟಿಐ ಸರ್ಟಿಫಿಕೇಟು, ಆಧಾರ್ ತಗೊಂಡು ಸೋಮವಾರ ಬಾಮ್ಮ, ಮಾತಾಡೋಣ. ಬಾತ್‌ರೂಮಿಗೆ ಚಿಲಕ ಸರಿ ಇಲ್ಲ, ಅದನ್ನ ಭಾನುವಾರವೇ ಹಾಕಿಸ್ತೇನೆ. ಗೇರ್‌ಬಾಕ್ಸ್ ಜಾಕ್ ನಮ್ಮಲ್ಲಿ ಇದೆ. ಟಾಪ್‌ಗೇರ್, ನೀನೂ ಬಾ, ತೋರಿಸ್ತೇನೆ.